ಮೂರು ಸುತ್ತು ಒಳಗೆ, ಮೂರು ಸುತ್ತು ಹೊರಗೆ

ನಾನು ಒಂದು ಕ್ಲಚ್ ಲಿವರ್. ಮೋಟಾರ್ ಸೈಕಲ್ಲಿನ ಹ್ಯಾಂಡಲ್ಲಿಗೆ ಎಡಗಡೆ, ಹಿಡಿಕೆಯಿಂದ ನಾಲ್ಕು ಬೆರಳು ದೂರದಲ್ಲಿ ಬಾಗಿಕೊಂಡು ನಿಂತಿರುತ್ತದಲ್ಲ, ಅದೇ. ಜನ ನನ್ನನ್ನು ಸುಮ್ಮನೆ ಕ್ಲಚ್ ಎಂದು ಕರೆದುಬಿಡುತ್ತಾರೆ. ನಿಜವಾದ ಕ್ಲಚ್ಚು ಎಂಜಿನ್ನಿನ ಹೊಟ್ಟೆಯೊಳಗೆ, ಎಣ್ಣೆಯಲ್ಲಿ ಮುಳುಗಿ, ಯಾರ ಕಣ್ಣಿಗೂ ಬೀಳದೆ ಕುಳಿತಿದೆ. ಅದಕ್ಕೂ ನನಗೂ ನಡುವೆ ಒಂದು ಕೇಬಲ್ಲು. ನನ್ನನ್ನು ಒತ್ತಿದರೆ ಎಂಜಿನ್ನಿಗೂ ಚಕ್ರಕ್ಕೂ ಇರುವ ಹಿಡಿತ ಬಿಡುತ್ತದೆ, ಬಿಟ್ಟರೆ ಮತ್ತೆ ಹಿಡಿಯುತ್ತದೆ. ಇಷ್ಟೇ ಕೆಲಸ. ಆದರೆ ಗಾಡಿ ಗಕ್ಕನೆ ನಿಂತರೆ ಬೈಗುಳವೆಲ್ಲ ನನ್ನ ಪಾಲಿಗೆ.

ನಾನು ಹುಟ್ಟಿದ್ದು ತಗಡಿನ ಶೆಡ್ಡೊಂದರಲ್ಲಿ. ಸೊಟ್ಟಗಾದ ಅಲ್ಯೂಮಿನಿಯಂ ಪಾತ್ರೆ, ಹಳೆಯ ಕಿಟಕಿಯ ಚೌಕಟ್ಟು, ಮುರಿದ ಫ್ಯಾನಿನ ರೆಕ್ಕೆ ಎಲ್ಲವನ್ನೂ ಒಟ್ಟಿಗೆ ಕರಗಿಸಿ ಅಚ್ಚಿಗೆ ಸುರಿದರು. ನನ್ನಲ್ಲಿ ಫ್ಯಾನಿನ ಪಾಲೇ ಜಾಸ್ತಿ ಎಂದು ನನ್ನ ಗುಮಾನಿ. ಇಲ್ಲದಿದ್ದರೆ ಈ ಚಡಪಡಿಕೆ ಎಲ್ಲಿಂದ ಬರಬೇಕು? ಬೆಚ್ಚಗಿರುವಾಗಲೇ ತುದಿಗೆ ಗೋಲಿಯಷ್ಟು ದಪ್ಪದ ಗುಂಡು ಮೂಡಿತ್ತು. ಉಜ್ಜಿ ಹೊಳಪು ಕೊಟ್ಟು, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ರಾಣೆಬೆನ್ನೂರಿನ ಒಂದು ಬಿಡಿಭಾಗಗಳ ಅಂಗಡಿಗೆ ಕಳಿಸಿದರು. ಅಲ್ಲಿ ಹನ್ನೊಂದು ತಿಂಗಳು ಮೊಳೆಗೆ ನೇತಾಡಿದೆ. ಪಕ್ಕದಲ್ಲಿದ್ದ ಬ್ರೇಕ್ ಲಿವರುಗಳು ಒಂದೊಂದಾಗಿ ಹೋಗುತ್ತಿದ್ದವು, ನನ್ನನ್ನು ಕೇಳುವವರಿಲ್ಲ. ಆ ಹನ್ನೊಂದು ತಿಂಗಳು ನೆನೆದರೆ ಈಗಲೂ ಮೈ ಪರಚಿಕೊಳ್ಳುವ ಹಾಗಾಗುತ್ತದೆ.

ಕೊನೆಗೆ ನನ್ನನ್ನು ಒಯ್ದದ್ದು ದಾದಾಪೀರ ಮಿಸ್ತ್ರಿ. ಗಣಿತದ ಮಾಸ್ತರರಾದ ನೀಲಪ್ಪನವರು ಶಾಲೆಯ ಮುಂದೆ ಸ್ಟ್ಯಾಂಡ್ ಹಾಕುವುದನ್ನೇ ಮರೆತು ಗಾಡಿಯಿಂದ ಇಳಿದಿದ್ದರಂತೆ. ಗಾಡಿ ಎಡಕ್ಕೆ ಬಿದ್ದು ಹಳೆಯ ಲಿವರ್ ಮುರಿದಿತ್ತು. ದಾದಾಪೀರ ನನ್ನನ್ನು ಕೂರಿಸಿ, ಕೇಬಲ್ ಸಿಕ್ಕಿಸಿ, ನನ್ನ ಬುಡದಲ್ಲಿರುವ ಹಲ್ಲಿನ ಬಿಲ್ಲೆಯನ್ನು ತಿರುವಿದ. ಆಮೇಲೆ ಜೇಬಿನಿಂದ ಒಂದು ಬೆಂಕಿಕಡ್ಡಿ ತೆಗೆದು ನನ್ನ ಬುಡದ ಸಂದಿಗೆ ತೂರಿಸಿದ.

"ಇಷ್ಟ ಸಡಿಲ ಇರ್ಬೇಕ್ರಿ ಸರ. ಕಡ್ಡಿ ಹೋಗಬೇಕು, ಬೆರಳ ಹೋಗಬಾರದು. ಬಿಲ್ಲಿ ಹೊರಗ ತಿರುವಿದ್ರ ಬಿಗಿ ಆಕ್ಕೈತಿ, ಒಳಗ ತಿರುವಿದ್ರ ಸಡಿಲ."

ನನ್ನ ಇಡೀ ಬಾಳು ಆ ಬಿಲ್ಲೆಯ ಮೇಲೆ ತಿರುಗಲಿದೆ ಎಂದು ಅವತ್ತು ನನಗೇನು ಗೊತ್ತು.

ಮಾಸ್ತರರು ಪುಕ್ಕಲು ಮನುಷ್ಯ. ಎದುರಿಗೆ ಎಮ್ಮೆ ಬಂದರೂ ಸರಿ, ಎಮ್ಮೆಯ ನೆರಳು ಬಂದರೂ ಸರಿ, ನನ್ನನ್ನು ಅರ್ಧ ಒತ್ತಿಯೇ ಇರುತ್ತಿದ್ದರು. ಒಳಗೆ ಕ್ಲಚ್ ಪ್ಲೇಟುಗಳು ಸುಟ್ಟು ವಾಸನೆ ಬರುತ್ತಿತ್ತು. ಪೂರ್ತಿ ಒತ್ತಿರಿ, ಇಲ್ಲವೇ ಪೂರ್ತಿ ಬಿಡಿರಿ ಎಂದು ನಾನು ಒಳಗೊಳಗೇ ಕೂಗಿಕೊಳ್ಳುತ್ತಿದ್ದೆ. ನಾಲ್ಕು ವರ್ಷ ಹೀಗೆ ಕಳೆದು ಅವರು ನಿವೃತ್ತರಾದರು, ಗಾಡಿಯನ್ನು ಗೌಂಡಿ ಫಕ್ಕೀರಪ್ಪನಿಗೆ ಕೊಟ್ಟುಬಿಟ್ಟರು.

ಫಕ್ಕೀರಪ್ಪ ಗೋಡೆಗೆ ಗಿಲಾವು ಮಾಡುವವನು. ನನಗೆ ಮನುಷ್ಯರ ಗುರುತು ಸಿಗುವುದು ಮುಖದಿಂದಲ್ಲ, ಎಡಗೈಯ ನಾಲ್ಕು ಬೆರಳಿನಿಂದ. ಅವನ ಬೆರಳು ಉದ್ದ, ದಪ್ಪ, ಸಿಮೆಂಟು ತಿಂದು ಒರಟಾದವು. ಅವನಿಗೆ ಬಿಲ್ಲೆ ಹೊರಕ್ಕಿರಬೇಕು. ನನ್ನನ್ನು ಸ್ವಲ್ಪ ಒತ್ತಿದರೆ ಸಾಕು ಹಿಡಿತ ಬಿಡಬೇಕು, ಬಿಡುವಾಗ ಬೆರಳ ತುದಿಯವರೆಗೆ ಬಂದ ಮೇಲೆ ಹಿಡಿಯಬೇಕು. ಎರಡೇ ಬೆರಳಿನಲ್ಲಿ ನನ್ನನ್ನು ಆಡಿಸುತ್ತಿದ್ದ. ಆ ಕೈ ನನಗೆ ಒಗ್ಗಿಹೋಯಿತು. ಜೀವನದಲ್ಲಿ ನೆಮ್ಮದಿ ಎನ್ನುವುದನ್ನು ಕಂಡಿದ್ದರೆ ಆ ಎರಡು ವರ್ಷ.

ಅಷ್ಟರಲ್ಲಿ ಅವನ ಹೆಂಡತಿ ಕಸ್ತೂರಿ ನನ್ನ ಮೇಲೆ ಕೈ ಇಟ್ಟಳು.

ಕಸ್ತೂರಿಯ ಕೆಲಸ ಬೀಜದ ಪ್ಲಾಟುಗಳಲ್ಲಿ. ಹೈಬ್ರಿಡ್ ಬೀಜ ಮಾಡಲು ಟೊಮೇಟೊ, ಮೆಣಸಿನ ಗಿಡಗಳ ಮೊಗ್ಗನ್ನು ಚಿಮಟದಿಂದ ಬಿಡಿಸಿ, ಅದರ ಗಂಡು ಕೇಸರ ತೆಗೆದು, ಮರುದಿನ ಇನ್ನೊಂದು ತಳಿಯ ಪರಾಗ ಮುಟ್ಟಿಸುತ್ತಾರೆ. ಈ ಸೀಮೆಯವರು ಅದಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ಒಂಬತ್ತು ವರ್ಷ ಅದನ್ನು ಮಾಡಿ ಅವಳ ಬೆರಳು ಎಷ್ಟು ನಯವಾಗಿದ್ದವೆಂದರೆ, ಮೊಗ್ಗು ನಾಳೆ ಅರಳುತ್ತದೋ ನಾಡಿದ್ದೋ ಎಂದು ಮುಟ್ಟಿಯೇ ಹೇಳುತ್ತಿದ್ದಳು. ಬೀಜದ ಕಂಪನಿಯವರು ಇದನ್ನು ಗಮನಿಸಿದರು. ಆರು ಹಳ್ಳಿಗಳ ಪ್ಲಾಟುಗಳನ್ನು ನೋಡಿಕೊಳ್ಳುವ ಸೂಪರ್‌ವೈಸರ್ ಕೆಲಸ ಕೊಡುತ್ತೇವೆ ಎಂದರು. ಬೆಳಗ್ಗೆ ಬಿಸಿಲೇರುವ ಮೊದಲು ಆರೂ ಹಳ್ಳಿ ಸುತ್ತಬೇಕು, ಆ ಹೊತ್ತಿಗೆ ಬಸ್ಸಿಲ್ಲ. ಗಾಡಿ ಓಡಿಸಬೇಕು, ಲೈಸೆನ್ಸ್ ತಂದು ತೋರಿಸಬೇಕು, ಅದೂ ಹಂಗಾಮು ಶುರುವಾಗುವ ಮೊದಲು. ಇಲ್ಲವಾದರೆ ಕೆಲಸ ಬೇರೆಯವರಿಗೆ.

ಮನೆಯಲ್ಲಿ ಇದ್ದದ್ದು ಒಂದೇ ಗಾಡಿ. ಒಂಬತ್ತು ಗಂಟೆಗೆ ಫಕ್ಕೀರಪ್ಪ ಕೆಲಸಕ್ಕೆ ಹೊರಡುವವರೆಗೆ ಅದು ಅವಳದು ಎಂದಾಯಿತು. ಮುಂದೆ ಕೆಂಪು ಎಲ್ ಬರೆದ ಹಲಗೆ, ಹಿಂದೆ ಗಂಡ.

ಮೊದಲ ದಿನ ಅವಳ ಬೆರಳು ನನ್ನನ್ನು ಮುಟ್ಟಲು ಹೆಣಗಾಡಿದವು. ಸಣ್ಣ ಕೈ. ಹಿಡಿಕೆಯನ್ನೂ ಹಿಡಿದು ನನ್ನನ್ನೂ ಹಿಡಿಯಬೇಕೆಂದರೆ ಬೆರಳ ತುದಿ ಮಾತ್ರ ಎಟುಕುತ್ತಿತ್ತು. ಒತ್ತಿದ್ದೇನೋ ಸರಿ. ಬಿಡುವಾಗ, ಬೆರಳಿನಲ್ಲಿ ಬಲವೇ ಇಲ್ಲದ ಜಾಗದಲ್ಲಿ ಹಿಡಿತ ಶುರುವಾಗುತ್ತಿತ್ತು. ನಾನು ಅವಳ ಕೈಯಿಂದ ಚಿಮ್ಮಿಹೋಗುತ್ತಿದ್ದೆ. ಗಾಡಿ ಆಡಿನ ಮರಿಯ ಹಾಗೆ ನೆಗೆದು ನಿಲ್ಲುತ್ತಿತ್ತು.

"ಮೆಲ್ಲಕ ಬಿಡು ಅಂದ್ರ ತಿಳಿಯಂಗಿಲ್ಲೇನು? ಹೂವಾದ್ರ ನೂರು ಬಿಡಸ್ತಿ, ಇದೊಂದ ಬಿಡಾಕ ಬರವಲ್ದು!" ಎಂದು ಫಕ್ಕೀರಪ್ಪ ಹಿಂದಿನಿಂದ.

"ಹೂವು ನನ್ನ ಕೈಗೆ ಎಟಕತಾವ್ರಿ. ಇದು ನಿಮ್ಮ ಕೈಗೆ ಮಾಡಿದ್ದು," ಎಂದಳು ಅವಳು.

ಮರುದಿನ ಅವಳು ದಾದಾಪೀರನ ಅಂಗಡಿಗೆ ಹೋಗಿ ಬಿಲ್ಲೆಯ ಗುಟ್ಟು ತಿಳಿದುಕೊಂಡು ಬಂದಳು. ಮೂರು ಸುತ್ತು ಒಳಗೆ. ಈಗ ನಾನು ಸಡಿಲಾಗಿ ಹಿಡಿಕೆಯ ಹತ್ತಿರ ಬಂದ ಮೇಲೆ ಹಿಡಿತ ಸಿಗುತ್ತಿತ್ತು, ಅವಳ ಬೆರಳಿಗೆ ಬಲವಿರುವ ಜಾಗದಲ್ಲಿ. ಗಾಡಿ ಮೆಲ್ಲಗೆ, ಸದ್ದಿಲ್ಲದೆ ಹೊರಟಿತು. ಕೆರೆಯ ಏರಿಯವರೆಗೆ ಒಮ್ಮೆಯೂ ನಿಲ್ಲಲಿಲ್ಲ. ಅವಳು ನಕ್ಕಿದ್ದು ಬೆರಳಿನಲ್ಲೂ ತಿಳಿಯುತ್ತಿತ್ತು.

ಒಂಬತ್ತು ಗಂಟೆಗೆ ಫಕ್ಕೀರಪ್ಪ ಕರಣಿ, ಗುಂಡುದಾರದ ಚೀಲ ಹೆಗಲಿಗೆ ಹಾಕಿಕೊಂಡು ಗಾಡಿ ಹತ್ತಿದ. ಎಂದಿನಂತೆ ನನ್ನನ್ನು ಎರಡು ಬೆರಳಿನಲ್ಲಿ ಒಂದಿಷ್ಟು ಒತ್ತಿದ. ಹಿಡಿತ ಬಿಡಲಿಲ್ಲ. ಬಸ್ ಸ್ಟ್ಯಾಂಡಿನ ಮುಂದೆ, ಚಹಾದ ಅಂಗಡಿಯಲ್ಲಿ ಅವನ ಜೊತೆಯ ಗೌಂಡಿಗಳೆಲ್ಲ ನಿಂತಿದ್ದಾಗ, ಗಾಡಿ ಎರಡು ಸಲ ನೆಗೆದು ಸತ್ತಿತು. ಯಾರೋ ಕೂಗಿದರು: "ಫಕ್ಕೀರಪ್ಪಾ, ಎಲ್ ಬೋರ್ಡ್ ನಿನಗೋ, ನಿನ್ನ ಹೇಣ್ತಿಗೋ?"

ಅವನು ಕೆಳಗಿಳಿದು ಬಿಲ್ಲೆಯನ್ನು ಮೂರು ಸುತ್ತು ಹೊರಗೆ ತಿರುವಿಕೊಂಡ.

ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ. ಬೆಳಗ್ಗೆ ಮೂರು ಸುತ್ತು ಒಳಗೆ, ಒಂಬತ್ತಕ್ಕೆ ಮೂರು ಸುತ್ತು ಹೊರಗೆ. ಇಬ್ಬರೂ ಎಣಿಸಿಯೇ ತಿರುವುತ್ತಿದ್ದರು, ಇಬ್ಬರೂ ಅದರ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ಅನ್ನ ಸಾರು ಬಡಿಸುವಾಗ ಮಾತು ಇತ್ತು, ಮಗಳ ಶಾಲೆಯ ಬಗ್ಗೆ ಮಾತು ಇತ್ತು. ಬಿಲ್ಲೆಯ ವಿಷಯ ಮಾತ್ರ ಯಾರೂ ಎತ್ತುತ್ತಿರಲಿಲ್ಲ. ಎತ್ತಿದರೆ ಯಾರಾದರೊಬ್ಬರು ಸೋಲಬೇಕಾಗುತ್ತಿತ್ತು. ನಡುವೆ ನಾನು. ಯಾವ ಕೈಗೂ ಒಗ್ಗದೆ, ಎಲ್ಲಿಯೂ ನೆಲೆ ನಿಲ್ಲದೆ, ಇವತ್ತು ನಾನು ಬಿಗಿಯೋ ಸಡಿಲವೋ ಎಂದು ನನಗೇ ಗೊಂದಲ. ನನಗೆ ಇಬ್ಬರ ಮೇಲೂ ಸಿಟ್ಟಿತ್ತು.

ದಾದಾಪೀರನಿಗೆ ವಿಷಯ ಗೊತ್ತಾದದ್ದು ಬಿಲ್ಲೆಯ ಹಲ್ಲು ಸವೆದಿದ್ದನ್ನು ನೋಡಿ.

"ದಿನಾ ತಿರುವಿದ್ರ ಹಲ್ಲ ಪೂರಾ ಹೋಗತಾವಣ್ಣ. ಒಂದೂವರಿ ಸುತ್ತಿಗೆ ನಿಂದರಸಿ ಬಿಗದ ಕೊಡ್ತೀನಿ, ಬಿಟ್ಟಬಿಡ್ರಿ. ಎಂಟ ದಿನ ಇಬ್ಬರಿಗೂ ತ್ರಾಸ ಆಕ್ಕೈತಿ, ಆಮ್ಯಾಲ ಕೈ ತಾನ ಕಲೀತೈತಿ."

"ನನ್ನ ಕೈ ಹದಿನಾರ ವರ್ಷದಿಂದ ಗಾಡಿ ಹೊಡದೈತಿ. ಅದು ಮತ್ತೇನ ಕಲೀಬೇಕು?" ಎಂದ ಫಕ್ಕೀರಪ್ಪ.

ಕಸ್ತೂರಿ ಬೇರೆ ಕಡೆ ನೋಡಿದಳು. ಮಿಸ್ತ್ರಿ ಬೆಂಕಿಕಡ್ಡಿಯನ್ನು ಕಿವಿಗೆ ಸಿಕ್ಕಿಸಿಕೊಂಡ.

ಲೈಸೆನ್ಸಿನ ಪರೀಕ್ಷೆಯ ದಿನ ಬಂತು. ಗಾಡಿ ಓಡಿಸಿಕೊಂಡು ಬಂದವನು ಫಕ್ಕೀರಪ್ಪ, ಬಿಲ್ಲೆ ಅವನ ಲೆಕ್ಕದಲ್ಲೇ ಇತ್ತು. ಆರ್‌ಟಿಓ ಕಚೇರಿಯ ಹಿಂದೆ ಒಂದು ಮೈದಾನ. ಅದರಲ್ಲಿ ಸುಣ್ಣದಿಂದ ದೊಡ್ಡದಾಗಿ ಎಂಟರ ಆಕಾರ ಬರೆದಿದ್ದರು. ಕನ್ನಡದ ಎಂಟು ಬರೆದಿದ್ದರೆ ಒಂದೇ ತಿರುವಿಗೆ ಮುಗಿಯುತ್ತಿತ್ತು. ಇದು ಇಂಗ್ಲಿಷಿನ ಎಂಟು, ಒಳಗೆ ಹೋದವರು ಹೊರಗೆ ಬರುವುದೇ ಕಷ್ಟ. ಕಾಲು ನೆಲಕ್ಕೆ ಊರದೆ, ಗಾಡಿ ನಿಲ್ಲಿಸದೆ ಸುತ್ತಿ ಬರಬೇಕು. ಕಸ್ತೂರಿ ಬಿಲ್ಲೆಗೆ ಕೈ ಹಾಕುವಷ್ಟರಲ್ಲಿ ಫಕ್ಕೀರಪ್ಪ ಅವಳನ್ನು ತಡೆದ.

"ಬ್ರೇಕ್ ಇನ್‌ಸ್ಪೆಕ್ಟರ್ ಮುಂದ ಅದನ್ನ ಮುಟ್ಟಿ ತಿರುವಬ್ಯಾಡ. ಗಾಡಿ ಸರಿ ಇಲ್ಲ ಅಂತ ವಾಪಸ್ ಕಳಸ್ತಾರ."

ಅವಳು ಅವನ ಮಾತು ಕೇಳಿದಳು. ಅವನ ಕೈಗೆ ಹೊಂದಿದ ನನ್ನನ್ನು ಹಿಡಿದು ಹೊರಟಳು. ಮೊದಲ ತಿರುವಿನಲ್ಲೇ ನಾನು ಅವಳ ಬೆರಳ ತುದಿಯಿಂದ ಚಿಮ್ಮಿದೆ. ಗಾಡಿ ನಿಂತಿತು, ಕಾಲು ನೆಲ ಮುಟ್ಟಿತು. ಮುಂದಿನ ತಿಂಗಳು ಬನ್ನಿ ಎಂದರು. ಮನೆಯ ದಾರಿಯಲ್ಲಿ ಗಾಡಿ ಓಡಿಸಿದವನು ಫಕ್ಕೀರಪ್ಪ. ಅವತ್ತು ಅವನ ಎರಡು ಬೆರಳು ನನ್ನ ಮೇಲೆ ಭಾರವಾಗಿ ಬಿದ್ದಿದ್ದವು. ತಪ್ಪು ತನ್ನದು ಎಂದು ಅವನಿಗೆ ಗೊತ್ತಿತ್ತು. ಹೇಳಲು ಬಾಯಿ ಬರಲಿಲ್ಲ ಅಷ್ಟೆ.

ಮುಂದಿನ ಒಂದು ತಿಂಗಳು ನನಗೆ ಮುಳ್ಳಿನ ಮೇಲೆ ಕುಳಿತಂತಿತ್ತು. ಎರಡನೆಯ ಪರೀಕ್ಷೆಯಾದ ನಾಲ್ಕನೇ ದಿನಕ್ಕೆ ಹಂಗಾಮು ಶುರು. ಕಂಪನಿಯವರು ಇನ್ನೊಬ್ಬ ಹುಡುಗನ ಹೆಸರು ಬರೆದಿಟ್ಟುಕೊಂಡಿದ್ದಾರೆ ಎಂದು ಕಸ್ತೂರಿಗೆ ಗೊತ್ತಾಗಿತ್ತು. ದಿನವೂ ಐದೂವರೆಗೇ ಎದ್ದು ಗಾಡಿ ತೆಗೆಯುತ್ತಿದ್ದಳು. ಒಣಗಿದ ಕೆರೆಯ ಅಂಗಳದಲ್ಲಿ ಫಕ್ಕೀರಪ್ಪನೇ ಸುಣ್ಣ ಚೆಲ್ಲಿ ಎಂಟು ಬರೆದುಕೊಟ್ಟಿದ್ದ. ಗೋಡೆಗೆ ಗೆರೆ ಹೊಡೆಯುವ ಕೈ, ತಿರುವು ಒಂದಿನಿತೂ ಸೊಟ್ಟಗಿರಲಿಲ್ಲ. ಆ ಗೆರೆಯ ಮೇಲೆ ಅವಳು ಸುತ್ತಿದ್ದೇ ಸುತ್ತಿದ್ದು. ನಾನು ಅವಳ ಕೈಯಲ್ಲಿ ಬೆವತುಹೋಗುತ್ತಿದ್ದೆ. ಒಂಬತ್ತಕ್ಕೆ ಮತ್ತೆ ಮೂರು ಸುತ್ತು ಹೊರಗೆ. ಆ ಪದ್ಧತಿ ಮಾತ್ರ ತಪ್ಪಲಿಲ್ಲ.

ಎರಡನೆಯ ಪರೀಕ್ಷೆಗೂ ಫಕ್ಕೀರಪ್ಪನೇ ಗಾಡಿ ಓಡಿಸಿಕೊಂಡು ಬಂದ, ತನ್ನ ಲೆಕ್ಕದಲ್ಲೇ. ಕಸ್ತೂರಿ ಕಾಗದ ತೋರಿಸಿ ಸಹಿ ಹಾಕಲು ಕಿಟಕಿಯ ಸಾಲಿಗೆ ಹೋದಳು. ಅವನು ಗಾಡಿಯ ಪಕ್ಕ ನಿಂತು ಅತ್ತ ಇತ್ತ ನೋಡಿದ. ಆಮೇಲೆ ಟವೆಲ್ಲಿನಿಂದ ಹ್ಯಾಂಡಲ್ ಒರೆಸುವವನ ಹಾಗೆ ಬಗ್ಗಿ, ನನ್ನ ಬುಡದ ಬಿಲ್ಲೆಯನ್ನು ಹಿಡಿದು ತಿರುವಿದ. ಒಂದು, ಎರಡು, ಮೂರು. ಒಳಗೆ.

ನನಗೆ ನಂಬಿಕೆಯೇ ಬರಲಿಲ್ಲ. ಆ ಒರಟು ಬೆರಳು ಬಿಲ್ಲೆಯನ್ನು ಒಳಕ್ಕೆ ತಿರುವಿದ್ದು ಅದೇ ಮೊದಲು. ಅಷ್ಟರಲ್ಲಿ ಕಾವಲಿನವನು ಬಂದು, ಪರೀಕ್ಷೆಗೆ ಬಂದವರನ್ನು ಬಿಟ್ಟು ಉಳಿದವರೆಲ್ಲ ತಂತಿ ಬೇಲಿಯ ಆಚೆ ಹೋಗಿ ಎಂದು ಅವನನ್ನು ಕಳಿಸಿದ. ಕಸ್ತೂರಿಗೆ ಹೇಳಲು ಸಮಯ ಸಿಗಲಿಲ್ಲ. ಸಿಕ್ಕಿದ್ದರೂ ಹೇಳುತ್ತಿದ್ದನೋ ಇಲ್ಲವೋ.

ಕಸ್ತೂರಿ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೆಲ್ಮೆಟ್ ಹಾಕಿಕೊಂಡಳು. ಈ ಸಲ ಯಾರ ಮಾತೂ ಕೇಳಬಾರದು ಎಂದು ಅವಳು ಗಟ್ಟಿ ಮಾಡಿಕೊಂಡೇ ಬಂದಿದ್ದಳು. ಬೇಲಿಯ ಕಡೆ ಬೆನ್ನು ತಿರುಗಿಸಿ ನಿಂತು, ನೋಡದೆಯೇ ಬಿಲ್ಲೆಗೆ ಕೈ ಹಾಕಿದಳು. ಒಂದು, ಎರಡು, ಮೂರು. ಒಳಗೆ.

ಬೇಡ, ಬೇಡ ಎಂದು ನಾನು ಒದ್ದಾಡಿದೆ. ಲಿವರಿನ ಒದ್ದಾಟ ಯಾರಿಗೆ ಕೇಳಬೇಕು? ಒಟ್ಟು ಆರು ಸುತ್ತು. ಕೇಬಲ್ಲು ಜೋಲುಬಿದ್ದಿತ್ತು. ಈಗ ನನ್ನನ್ನು ಹಿಡಿಕೆಗೆ ತಾಗುವವರೆಗೆ ಒತ್ತಿದರೂ ಹಿಡಿತ ಪೂರ್ತಿ ಬಿಡುವುದಿಲ್ಲ.

ಅವಳ ಹೆಸರು ಕರೆದರು. ಕಿಕ್ ಹೊಡೆದು, ನನ್ನನ್ನು ಒತ್ತಿ, ಗೇರ್ ಹಾಕಿದಳು. ಗರ್ ಎಂದು ಸದ್ದಾಗಿ ಗಾಡಿ ತಾನೇ ಮುಂದಕ್ಕೆ ನುಗ್ಗಿತು. ಅವಳು ಬ್ರೇಕ್ ಒತ್ತಿದ್ದೇ ತಡ, ಎಂಜಿನ್ ಸತ್ತಿತು.

"ಇನ್ನೂ ಸೀಟಿ ಊದಿಲ್ಲ, ಎಲ್ಲಿಗೆ ಹೊಂಟೀರಿ?" ಎಂದರು ಇನ್‌ಸ್ಪೆಕ್ಟರ್. "ಇದೊಂದ ಸಲ ಬಿಡ್ತೀನಿ. ಮತ್ತೊಮ್ಮೆ ಬಂದ್ ಆದ್ರ ಮುಂದಿನ ತಿಂಗಳ ಬರ್ರಿ."

ಅವಳಿಗೆ ಗೊತ್ತಿತ್ತು: ಮುಂದಿನ ತಿಂಗಳು ಎಂದರೆ ಆ ಹುಡುಗ ಆರು ಹಳ್ಳಿ ಸುತ್ತುತ್ತಿರುತ್ತಾನೆ, ತಾನು ಮತ್ತೆ ಚಿಮಟ ಹಿಡಿದು ಸಾಲಿನಲ್ಲಿ ಕೂತಿರಬೇಕು. ಅವಳು ನನ್ನನ್ನು ಮೆಲ್ಲಗೆ ಒತ್ತಿ ನೋಡಿದಳು, ಮೊಗ್ಗು ಮುಟ್ಟಿ ನೋಡುವಂತೆ. ಒತ್ತಿದ ಹಾಗೆ ನಾನು ಬರುತ್ತಲೇ ಇದ್ದೆ, ಕೇಬಲ್ಲು ಎಳೆಯುತ್ತಲೇ ಇರಲಿಲ್ಲ. ಕೇಬಲ್ ಹರಿಯಿತೇ? ಗಾಬರಿಯಿಂದ ತಲೆ ಎತ್ತಿದಳು.

ಬೇಲಿಯ ಆಚೆ ಫಕ್ಕೀರಪ್ಪ ಒಂದು ಕೈಯಲ್ಲಿ ತಂತಿ ಹಿಡಿದು, ಇನ್ನೊಂದು ಕೈಯ ಮೂರು ಬೆರಳು ಎತ್ತಿ ತೋರಿಸುತ್ತಿದ್ದ. ತೋರಿಸಿ, ಹೊರಗೆ ತಿರುವುವಂತೆ ಕೈ ಆಡಿಸುತ್ತಿದ್ದ. ಮತ್ತೆ ಮೂರು ಬೆರಳು. ಆಮೇಲೆ ತನ್ನ ಎದೆಯನ್ನು ಮುಟ್ಟಿಕೊಂಡ, ನಾನು, ನಾನು ಎಂದು. ಇಷ್ಟು ದೊಡ್ಡ ಗಂಡಸು, ಎಲ್ಲರ ಮುಂದೆ.

"ಯಾರ್ರೀ ಅಂವಾ? ಏನ ಕೈಸನ್ನಿ ಮಾಡಾಕತ್ತಾನ?" ಎಂದರು ಇನ್‌ಸ್ಪೆಕ್ಟರ್.

"ನಮ್ಮ ಮನಿಯವರ್ರಿ ಸರ. ನನಗ ಅನುಕೂಲ ಆಗಲಿ ಅಂತ ಕ್ಲಚ್ ಸಡಿಲ ಮಾಡ್ಯಾರ. ನಾನೂ ಮಾಡೀನಿ. ಎರಡೂ ಕೂಡಿ ಹೆಚ್ಚಾಗೈತ್ರಿ. ಒಂದ್ ನಿಮಿಷ ಕೊಡ್ರಿ."

ಇನ್‌ಸ್ಪೆಕ್ಟರ್ ಅವಳನ್ನು ನೋಡಿದರು, ಬೇಲಿಯ ಕಡೆ ನೋಡಿದರು. "ಮಾಡ್ಕೊರಿ, ಮಾಡ್ಕೊರಿ. ತನ್ನ ಗಾಡಿ ತಾನ ಸರಿ ಮಾಡ್ಕೊಳ್ಳೋರು ಇಲ್ಲಿ ಯಾರ ಬರ್ತಾರ?" ಎಂದು ಸೀಟಿಯನ್ನು ಬಾಯಿಂದ ತೆಗೆದರು.

ಕಸ್ತೂರಿ ಬಿಲ್ಲೆಯನ್ನು ಹಿಡಿದಳು. ಒಂದು, ಎರಡು, ಮೂರು. ಹೊರಗೆ. ತಿರುವುವಾಗ ಅವಳ ಕಣ್ಣಿಂದ ಒಂದು ಹನಿ ನನ್ನ ಮೇಲೆ ಬಿತ್ತು. ಭಯದ್ದಲ್ಲ. ಭಯದ ಬೆವರನ್ನು ತಿಂಗಳುಗಟ್ಟಲೆ ಕುಡಿದವನಿಗೆ ಅಷ್ಟು ವ್ಯತ್ಯಾಸ ಗೊತ್ತಾಗುತ್ತದೆ.

ಅವಳು ಮತ್ತೆ ಕಿಕ್ ಹೊಡೆದಳು, ಇನ್‌ಸ್ಪೆಕ್ಟರ್ ಸೀಟಿ ಊದಿದರು. ಅವಳು ನನ್ನನ್ನು ಪೂರ್ತಿ ಒತ್ತಿ, ಹಿಡಿತದ ಜಾಗದವರೆಗೆ ತಂದು, ಅಲ್ಲಿ ಒಂದು ಉಸಿರಿನಷ್ಟು ಹೊತ್ತು ನಿಲ್ಲಿಸಿ, ಬಿಟ್ಟಳು. ಎಂಟರ ಎರಡು ಹೊಟ್ಟೆಯನ್ನೂ ಸುತ್ತಿದಳು. ನಡುವಿನ ಅಡ್ಡಗೆರೆಯಲ್ಲಿ ಗಾಡಿ ಒಮ್ಮೆ ತೂಗಿತು, ನಾನು ಅವಳ ಬೆರಳಿಗೆ ಅಂಟಿಕೊಂಡೇ ಇದ್ದೆ, ಕಾಲು ಕೆಳಗೆ ಬರಲಿಲ್ಲ. ಪಾಸ್.

ಗೇಟಿನ ಹೊರಗೆ ಫಕ್ಕೀರಪ್ಪ ನಿಂತಿದ್ದ. ಗಾಡಿಯನ್ನು ಅವನ ಕೈಗೆ ಕೊಟ್ಟು ಅವಳು ಹಿಂದೆ ಕುಳಿತಳು. ಅಭ್ಯಾಸದಂತೆ ಅವನ ಬೆರಳು ಬಿಲ್ಲೆಯ ಹತ್ತಿರ ಹೋಯಿತು. ಮುಟ್ಟಿತು. ತಿರುವಲಿಲ್ಲ. ಹಾಗೆಯೇ ಗೇರ್ ಹಾಕಿದ. ಗಾಡಿ ನೆಗೆದು ಸತ್ತಿತು, ಆರ್‌ಟಿಓ ಗೇಟಿನ ಮುಂದೆಯೇ, ಅಷ್ಟು ಜನರೆದುರು.

"ತಿರುವ್ಕೊರಲ್ಲ," ಎಂದಳು ಕಸ್ತೂರಿ.

"ಬ್ಯಾಡ. ಇದಕ್ಕ ನಾನೂ ಕಲೀತೇನಿ."

ಆ ದಾರಿಯಲ್ಲಿ ನಾಲ್ಕು ಸಲ ಗಾಡಿ ನಿಂತಿತು. ನಾಲ್ಕು ಸಲವೂ ಹಿಂದಿನಿಂದ ನಗು ಕೇಳಿಸಿತು. ಮೂರನೆಯ ಸಲಕ್ಕೆ ಅವನೂ ನಕ್ಕ.

ಮರುದಿನ ಬೆಳಗ್ಗೆ ಕಸ್ತೂರಿ ಒಬ್ಬಳೇ ಬಂದು ಬಿಲ್ಲೆಯನ್ನು ಹೊರಕ್ಕೆ ತಿರುವಿದಳು. ಒಂದೂವರೆ ಸುತ್ತು, ಅಷ್ಟೆ. ನೇರ ದಾದಾಪೀರನ ಹತ್ತಿರ ಹೋಗಿ, "ಬಿಗದ ಬಿಡಪಾ," ಎಂದಳು. ಅವನು ಬಿಲ್ಲೆ ತಿರುಗದಂತೆ ತಡೆಯುವ ನಟ್ಟು ಬಿಗಿದು, ಕಿವಿಯ ಮೇಲಿನ ಕಡ್ಡಿ ತೆಗೆದು ಅಳತೆ ನೋಡಿದ. ಎಂಟು ದಿನ ಎಂದಿದ್ದ, ಹನ್ನೊಂದು ದಿನ ಹಿಡಿಯಿತು. ಅವಳು ಹಳ್ಳಿಯ ದಾರಿಯಲ್ಲಿ ನೆಗೆಯುತ್ತಿದ್ದಳು, ಅವನು ಚಹಾದ ಅಂಗಡಿಯ ಮುಂದೆ ನೆಗೆಯುತ್ತಿದ್ದ. ಹನ್ನೆರಡನೆಯ ದಿನ ಇಬ್ಬರ ಕೈಯಲ್ಲೂ ಗಾಡಿ ಮೆಲ್ಲಗೆ ಹೊರಟಿತು.

ಅದಾದ ಮೇಲೆ ಏಳು ವರ್ಷ ಆರು ಹಳ್ಳಿಯ ಧೂಳು ತಿಂದೆ. ಒಮ್ಮೆ ಕಾಲುವೆಯ ಹತ್ತಿರ ನಾಯಿ ಅಡ್ಡ ಬಂದು ಕಸ್ತೂರಿ ಬಿದ್ದಳು. ಅವಳಿಗೆ ಮೊಣಕೈ ತರಚಿತು, ನನ್ನ ತುದಿಯ ಗುಂಡು ಮುರಿಯಿತು. ದಾದಾಪೀರ ಹೊಸ ಲಿವರ್ ಕೂರಿಸಿ ನನ್ನನ್ನು ಗುಜರಿ ಡಬ್ಬಕ್ಕೆ ಎಸೆದ. ಕಸ್ತೂರಿ ಕೈ ಹಾಕಿ ನನ್ನನ್ನು ತೆಗೆದುಕೊಂಡಳು.

"ಅದೇನ್ ಮಾಡ್ತೀರಿ ಅಕ್ಕಾ?"

"ಇರಲಿ," ಎಂದಳು.

ಆ ವರ್ಷವೇ ಫಕ್ಕೀರಪ್ಪ ತನ್ನ ಮನೆಯ ಮುಂದಿನ ಕೋಣೆಗೆ ಗಿಲಾವು ಮಾಡಿದ. ಗಾರೆ ಹಸಿಯಿರುವಾಗಲೇ ಬಾಗಿಲ ಪಕ್ಕ ನನ್ನನ್ನು ಬುಡದವರೆಗೆ ಒತ್ತಿ ಕೂರಿಸಿದ. ಈಗ ನಾನು ಒಂದು ಗೂಟ. ಕಸ್ತೂರಿಯ ಕಂಪನಿ ಚೀಲ ನನ್ನ ಮೇಲೆ ನೇತಾಡುತ್ತದೆ.

ನನ್ನನ್ನು ಒಂದು ಕಡೆ ನಿಲ್ಲಲು ಬಿಡಿ ಎಂದು ಎಷ್ಟು ಗೋಗರೆದಿದ್ದೆ! ನಿಲ್ಲಿಸಿದ್ದಾರೆ, ಸಿಮೆಂಟಿನಲ್ಲಿ. ಒಂದೂ ಸುತ್ತು ಒಳಗಿಲ್ಲ, ಒಂದೂ ಸುತ್ತು ಹೊರಗಿಲ್ಲ. ಈ ನೆಮ್ಮದಿಯನ್ನು ಏನು ಮಾಡಬೇಕೋ ನನಗೆ ತಿಳಿಯದು. ಫ್ಯಾನಿನ ಜೀವ ಇದು, ಗೋಡೆಗೆ ಹೇಗೆ ಒಗ್ಗಬೇಕು? ಹೊರಗೆ ಗಾಡಿ ಶುರುವಾದರೆ ಸಾಕು, ಗಾರೆಯೊಳಗೇ ಮೈ ಜುಮ್ಮೆನ್ನುತ್ತದೆ.

ಬೆಳಗ್ಗೆ ಆರು ಗಂಟೆಗೆ ಕಸ್ತೂರಿ ಚೀಲ ತೆಗೆದುಕೊಳ್ಳಲು ಬರುತ್ತಾಳೆ. ಚೀಲ ಹೆಗಲಿಗೇರಿಸಿದ ಮೇಲೆ ಅವಳ ನಾಲ್ಕು ಬೆರಳು ಒಂದು ಗಳಿಗೆ ನನ್ನನ್ನು ಹಿಡಿದು ಒತ್ತುತ್ತವೆ. ನಾನು ಬಗ್ಗುವುದಿಲ್ಲ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು. ಆದರೂ ಒತ್ತುತ್ತಾಳೆ, ಆಮೇಲೆ ಮೆಲ್ಲಗೆ ಬಿಡುತ್ತಾಳೆ. ಬಿಡುವಾಗ ಒಂದು ಜಾಗದಲ್ಲಿ ಬೆರಳು ಒಂದು ಉಸಿರಿನಷ್ಟು ಹೊತ್ತು ನಿಲ್ಲುತ್ತವೆ. ಒಂದೂವರೆ ಸುತ್ತಿನ ಜಾಗ ಅದು. ಗಾಡಿ ಹೊರಡುತ್ತಿದ್ದದ್ದು ಅಲ್ಲಿಂದಲೇ.